ತಲೆಯೊಂದಿದ್ದರೆ ಸಾಕೆ?

ಸೋಲೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ, ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಭಯ ನೀಡಿದ: "ಮೇಷ್ಟ್ರೇ, ಇನ್ನು ಸಾವಿಗೆ ಅಂಜಬೇಕಾಗಿಲ್ಲ. ಮುಂದೊಂದು ದಿನ ಮಿದುಳಿನ ನರಕೋಶಗಳ ಜೋಡಣೆಯನ್ನು ಯಂತ್ರಕ್ಕೆ ಇಳಿಸಿಕೊಂಡರಾಯಿತು. ನೀವು ನೀವಾಗಿಯೇ ಉಳಿಯುತ್ತೀರಿ."

"ವಂಶವಾಹಿಗಳ ಗತಿಯೇನಪ್ಪಾ?" ಎಂದೆ.

"ಅವು ಮನೆ ಕಟ್ಟುವಾಗಿನ ಸಾರುವೆ ಇದ್ದಂತೆ. ಮನೆ ಎದ್ದಮೇಲೆ ಬಿಚ್ಚಿಹಾಕುವುದಲ್ಲವೆ?" ಎಂದ.

ಹೋಲಿಕೆ ಸೊಗಸಾಗಿದೆ, ಆದರೆ ತಪ್ಪು.

ನಮ್ಮ ಕಥೆಗಳೂ ತಲೆಯ ಪಕ್ಷವನ್ನೇ ವಹಿಸಿವೆಯೆಂಬುದು ನಿಜ. ರುಂಡಗಳು ಅದಲುಬದಲಾದ ಬೇತಾಳನ ಕಥೆಯಲ್ಲಿ, ಗಂಡನ ತಲೆ ಹೊತ್ತವನೇ ಗಂಡನೆಂದು ತೀರ್ಪಾಯಿತು. ಗಿರೀಶ ಕಾರ್ನಾಡರು 1971ರ 'ಹಯವದನ'ದಲ್ಲಿ ಆ ತೀರ್ಪನ್ನೇ ಕೆದಕಿದರು. ದೇಹಗಳು ಕಾಲಕ್ರಮದಲ್ಲಿ ತಲೆಗೆ ತಕ್ಕಂತೆ ಮಾರ್ಪಟ್ಟರೂ ಕಪಿಲನಿಗೆ ದೇಹದ ನೆನಪುಗಳ ಕಾಟ ತಪ್ಪಲಿಲ್ಲ.

ಅದು ನಾಟಕವೆನ್ನೋಣ, ತಲೆಯೊಳಗನ್ನೇ ನೋಡೋಣ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಕಡಲಹುಳುವೊಂದರ ನರಕೋಶಗಳನ್ನು ಪರೀಕ್ಷಿಸಿ 2000ದಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಕ್ಷಣಿಕ ನೆನಪಿಗೆ ಇದ್ದ ಪ್ರೋಟೀನುಗಳೇ ಸಾಕು. ನೆನಪು ಬಹುಕಾಲ ನಿಲ್ಲಬೇಕಾದರೆ ಕೋಶದೊಳಗಿನ ವಂಶವಾಹಿಗಳು ಎಚ್ಚೆತ್ತು, ಹೊಸ ಪ್ರೋಟೀನು ತಯಾರಾಗಿ, ಬೆಸುಗೆಗಳೇ ಬದಲಾಗಬೇಕು. ಹಾಗಾದರೆ ವಂಶವಾಹಿ ಸಾರುವೆಯಲ್ಲ; ಕಟ್ಟಿದ ಮನೆಯಲ್ಲೇ ನೆಲೆಸಿ ದಿನವೂ ಕೆಲಸ ಮಾಡುವ ಗಾರೆಯವನು.

ಬರಿಯ ನಕ್ಷೆಯ ಬಲವೆಷ್ಟು? ಕೇವಲ 302 ನರಕೋಶಗಳ ಒಂದು ಸಣ್ಣ ಹುಳುವಿನ ನರನಕ್ಷೆ 1986ರಲ್ಲೇ ಪ್ರಕಟವಾಯಿತು. ನಲವತ್ತು ವರ್ಷ ಸಂದರೂ ಆ ನಕ್ಷೆಯೊಂದರಿಂದಲೇ ಹುಳುವಿನ ನಡತೆಯನ್ನೆಲ್ಲ ಹೇಳಲಾಗಿಲ್ಲ. ಮನುಷ್ಯನ ಮಿದುಳಿನಲ್ಲಿರುವುದು ಸುಮಾರು 8,600 ಕೋಟಿ ನರಕೋಶಗಳು!

ಮಾಗಡಿ ಸೀಮೆಯ ತೋಟಗಾರನನ್ನು ಕೇಳಿ. ಬಾದಾಮಿ ಮಾವನ್ನು ಉಳಿಸಿಕೊಳ್ಳಲು ಅವನು ಮರದ ಚಿತ್ರ ಬರೆಯುವುದಿಲ್ಲ; ಅದರ ಕಡ್ಡಿಯನ್ನು ನಾಟಿ ಗಿಡಕ್ಕೆ ಕಸಿ ಕಟ್ಟುತ್ತಾನೆ. ಎಲೆ ಎಲೆಯನ್ನೂ ಅಳೆದ ನಕ್ಷೆಯಲ್ಲಿ ಈ ವರ್ಷದ ಮರವಿರುತ್ತದೆ. ಬರುವ ಯುಗಾದಿಯ ಚಿಗುರಿರುವುದಿಲ್ಲ.

ವಂಶವಾಹಿಯೇ ಮನುಷ್ಯನೆಂದು ನಾನು ಹೇಳುತ್ತಿಲ್ಲ. ಒಂದೇ ಬಗೆಯ ಅವಳಿಗಳು ಇಬ್ಬರೇ ಹೊರತು ಒಬ್ಬರಲ್ಲ. ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ ಸುಮಾರು 10,000 ಭಾರತೀಯರ ವಂಶವಾಹಿ ಲಿಪಿ ಸಂಗ್ರಹವಾಗಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅವರಲ್ಲೊಬ್ಬರ ಸ್ವಭಾವವನ್ನೂ ಆ ಲಿಪಿಯಿಂದ ಎಬ್ಬಿಸಿ ನಿಲ್ಲಿಸಲಾಗದು. 300 ಕೋಟಿ ಅಕ್ಷರಗಳನ್ನೂ ಯಂತ್ರಕ್ಕೆ ನಕಲು ಮಾಡಬೇಕೆಂಬ ಹಟವೂ ನನಗಿಲ್ಲ. "ಅವುಗಳ ಕೆಲಸವನ್ನಷ್ಟೇ ಸೂತ್ರಗಳಲ್ಲಿ ಅಳವಡಿಸಿದರಾಯಿತು" ಎಂದು ಶಿಷ್ಯ ಜಾರಿಕೊಳ್ಳಬಹುದು. ಅಳವಡಿಸಲಿ, ಸಂತೋಷ! ಆದರೆ ಸಾರುವೆಯೆಂದು ಹೊರಗೆಸೆದದ್ದನ್ನು ಬೇರೆ ಹೆಸರಿನಲ್ಲಿ ಒಳಗೆ ತಂದಂತಾಯಿತಲ್ಲವೆ?

ಇದು ಕಾಫಿಯ ಹೊತ್ತಿನ ಹರಟೆಯೆಂದು ಬಿಡುವಂತಿಲ್ಲ. ನಾಳೆ ಯಾರಾದರೂ ಇದನ್ನು ಮಾರಲು ಬಂದರೆ, ಮೊದಲು ಹೋಗಿ ನಿಲ್ಲುವವರು ದುಃಖದಲ್ಲಿರುವವರು. ನನ್ನ ತಂದೆ ಬಹುಕಾಲ ಗಡುಸಾಗಿಯೇ ಬಾಳಿದವರು. ಮೊಮ್ಮಗಳು ಹುಟ್ಟಿದ ಮೇಲೆ ಅವಳ ಮುಂದೆ ಕೂತು ಕುದುರೆಯಂತೆ ಕೆನೆಯುತ್ತಿದ್ದರು. ಅದಕ್ಕೆ ಮುಂಚೆಯೇ ಅವರ ನಕ್ಷೆ ತೆಗೆದು, ಮಾರ್ಪಡುವ ಶಕ್ತಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಯಂತ್ರದಲ್ಲಿಟ್ಟಿದ್ದರೆ, ನಮಗೆ ದಕ್ಕುತ್ತಿದ್ದುದು ಆ ಗಡುಸುತನ ಮಾತ್ರ. ಮಗು ಕೈಚಾಚಿದರೂ ಆ ತಂದೆ ಮೆತ್ತಗಾಗುತ್ತಿರಲಿಲ್ಲ. ಅಂಥದನ್ನು ಭಾವಚಿತ್ರವೆಂದು ಕರೆಯಲಿ, ನನ್ನ ತಕರಾರಿಲ್ಲ. ತಂದೆಯೆಂದು ಕರೆಯುವವರು ಮಾತ್ರ ಮೊದಲು ನನ್ನ ಪ್ರಶ್ನೆಗೆ ಉತ್ತರ ಹೇಳಲಿ.