ಗಾಳಿಹಾಸಿಗೆಯ ಆತಿಥ್ಯ



ಈ ಬಾರಿ ಹಳೆಯ ನೆನಪುಗಳನ್ನು ತುಸು ಬದಿಗಿಟ್ಟು ಜಗಳಕ್ಕೆ ನಿಂತಿದ್ದೇನೆ. ಪಂಪಿನಿಂದ ಗಾಳಿ ತುಂಬಿ, ಬೆಳಗಾದೊಡನೆ ಗಾಳಿ ಬಿಟ್ಟು ಮಡಿಸಿ ಚೀಲಕ್ಕೆ ಸೇರಿಸುವ ಪ್ಲಾಸ್ಟಿಕ್ ಹಾಸಿಗೆ ನಿಮ್ಮಲ್ಲಿ ಹಲವರ ಮನೆಯಲ್ಲಿರುವುದು ನನಗೆ ಗೊತ್ತು. ರಾತ್ರಿ ತಂಗುವ ನೆಂಟರಿಗೆ ಅದನ್ನು ಹಾಸಬೇಡಿ ಎಂಬುದೇ ನನ್ನ ವಾದ. ವಾದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ.

ಎರಡು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದ ಮಗ ಅಂಥದೊಂದನ್ನು ತಂದುಕೊಟ್ಟು, "ಅಟ್ಟದ ಮೇಲಿರೋ ಹತ್ತಿ ಹಾಸಿಗೆಗಳನ್ನ ಯಾರಿಗಾದರೂ ಕೊಟ್ಟುಬಿಡಿ ಅಪ್ಪ, ಧೂಳು ಬಿಟ್ಟರೆ ಅದರಲ್ಲಿ ಇನ್ನೇನಿದೆ?" ಎಂದ. ನಾನೂ ಒಪ್ಪಿ ಕೊಟ್ಟುಬಿಟ್ಟೆ. ಆ ಡಿಸೆಂಬರಿನಲ್ಲಿ ತಂದೆಯವರ ತಿಥಿಗೆಂದು ಹಿಂದಿನ ದಿನವೇ ದೊಡ್ಡಬಳ್ಳಾಪುರದಿಂದ ಅಕ್ಕ ಬಂದಳು. ಎಪ್ಪತ್ತೈದು ದಾಟಿದ ಜೀವ, ಮಂಡಿನೋವು ಬೇರೆ. ಹೊಸ ಹಾಸಿಗೆಯನ್ನು ಹೆಮ್ಮೆಯಿಂದ ಉಬ್ಬಿಸಿ ಹಾಸಿಕೊಟ್ಟೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದರೆ ಅಕ್ಕ ಗೋಡೆಗೊರಗಿ ಬರಿಯ ನೆಲದ ಮೇಲೆ ಕುಳಿತಿದ್ದಳು.

"ಗಾಳಿ ಇಳಿದು ಮಧ್ಯಕ್ಕೆ ಜಾರಿಬಿಟ್ಟೆ ಕಣೋ. ಏಳೋಣ ಅಂತ ಕೈ ಊರಿದರೆ ಕೈಯೇ ಒಳಕ್ಕೆ ಹೋಗುತ್ತೆ. ಹೇಗೋ ಉರುಳಿಕೊಂಡು ಈಚೆ ಬಂದೆ. ಕೂಗಿದರೆ ನಿಮ್ಮ ನಿದ್ದೆ ಕೆಡುತ್ತಲ್ಲ ಅಂತ ಸುಮ್ಮನಾದೆ."

ಮುಂದಿನ ಯುಗಾದಿಗೆ ಬಂದವಳು ಊಟ ಮುಗಿಸಿ, "ಸಂಜೆ ಗಾಡಿಗೇ ಹೊರಟುಬಿಡ್ತೀನಿ" ಎಂದಳು. ಹಬ್ಬಕ್ಕೆ ಬಂದ ಅಕ್ಕ ನಮ್ಮ ಮನೆಯಲ್ಲಿ ರಾತ್ರಿ ಉಳಿಯದೆ ಹೋದದ್ದು ಅದೇ ಮೊದಲು.

ವಿಜ್ಞಾನದ ಮೇಷ್ಟರಾದ ನಾನು ಇದನ್ನು ಮೊದಲೇ ಊಹಿಸಬೇಕಿತ್ತು. ತಾಪ ಇಳಿದರೆ ಅನಿಲದ ಗಾತ್ರ ಕುಗ್ಗುತ್ತದೆಂಬ ಚಾರ್ಲ್ಸನ ನಿಯಮವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿಲ್ಲ! (1783ರಲ್ಲಿ ಪ್ಯಾರಿಸ್ಸಿನಿಂದ ಜಲಜನಕದ ಬಲೂನಿನಲ್ಲಿ ಹಾರಿದ ಅದೇ ಚಾರ್ಲ್ಸ್, ನೆನಪಿದೆಯೇ?) ಸಂಜೆ 27 ಡಿಗ್ರಿಯಲ್ಲಿ ತುಂಬಿದ ಗಾಳಿ ಬೆಳಗಿನ ಜಾವ 17 ಡಿಗ್ರಿಗೆ ಇಳಿದರೆ, ನಿರಪೇಕ್ಷ ತಾಪ 300ರಿಂದ 290ಕ್ಕೆ ಇಳಿದಂತೆ. ಒಂದು ತೂತೂ ಇಲ್ಲದೆಯೇ ಗಾತ್ರ ಶೇ. 3ರಷ್ಟು ಕಡಿಮೆಯಾಯಿತು. ಇದರ ಮೇಲೆ ಹೊಸ ಪ್ಲಾಸ್ಟಿಕ್ ಭಾರಕ್ಕೆ ಹಿಗ್ಗುತ್ತದೆ. ಮಲಗಿದವರು ಹೊರಳಿದಾಗಲೆಲ್ಲ ಒಳಗಿನ ಗಾಳಿ ಕದಡಿ ಮೈಯ ಶಾಖವನ್ನು ತಣ್ಣನೆಯ ನೆಲಕ್ಕೆ ಒಯ್ಯುತ್ತದೆ. ಹತ್ತಿಯ ಎಳೆಗಳಲ್ಲಿ ಸಿಕ್ಕಿಕೊಂಡ ಗಾಳಿ ಹಾಗೆ ಅಲುಗಾಡಲಾರದು; ಹತ್ತಿ ಬೆಚ್ಚಗಿರುವುದರ ಗುಟ್ಟು ಅದೇ. ಹಸುಗೂಸುಗಳನ್ನಂತೂ ಗಾಳಿಹಾಸಿಗೆಯ ಮೇಲೆ ಮಲಗಿಸಲೇಬಾರದೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವೇ ಎಚ್ಚರಿಸಿದೆ. ಹಾಸಿಗೆ ಹಿಡಿದ ರೋಗಿಗಳಿಗೆ ಹುಣ್ಣಾಗದಂತೆ ವೈದ್ಯರು ಹೇಳುವ ಗಾಳಿಹಾಸಿಗೆ ಬೇರೆ. ಅದರ ತಂಟೆಗೆ ನಾನು ಬರುವುದಿಲ್ಲ.

"ಸಾರ್, ನಿಮ್ಮದು ಗೌರಿಬಿದನೂರಿನ ಮನೆ, ನಮ್ಮದು ಎರಡು ಕೋಣೆಯ ಫ್ಲಾಟು, ಹಾಸಿಗೆ ಎಲ್ಲಿಡೋಣ?" ಎಂದು ನೀವು ಕೇಳುವಿರಿ. ನಾನು ಹುಟ್ಟಿ ಬೆಳೆದ ಮನೆ ಎರಡು ಅಂಕಣದ್ದು. ವಿದುರಾಶ್ವತ್ಥದ ಜಾತ್ರೆಗೆ ನೆಂಟರು ಬಂದರೆ ಅಲ್ಲಿಯೇ ಹದಿನೈದು ಜನ ಮಲಗುತ್ತಿದ್ದೆವು. ಹಿರಿಯರಿಗೆ ಹತ್ತಿ ಹಾಸಿಗೆ, ಉಳಿದವರಿಗೆ ಚಾಪೆ, ಜಮಖಾನ, ಕಂಬಳಿ. ತಂದೆಯವರು ತಮ್ಮ ಮಂಚವನ್ನು ಬಂದವರಿಗೆ ಬಿಟ್ಟು ಜಗಲಿಗೆ ಹೋಗುತ್ತಿದ್ದರು. ಹತ್ತಿ ಗಂಟುಗಟ್ಟಿದರೆ ಪಿಂಜಾರರು ಬಿಲ್ಲು ಹೊತ್ತು ಬಂದು, ಟಂಯ್ ಟಂಯ್ ಎಂದು ಹಿಂಜಿ ಹಾಸಿಗೆಗೆ ಮತ್ತೆ ಜೀವ ಕೊಡುತ್ತಿದ್ದರು.

ಆ ಕಾಲವೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ. ಅಷ್ಟು ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ತೆಗೆದು, ಹೊತ್ತು, ಕೊನೆಗೆ ಅಡುಗೆಮನೆಯ ಮೂಲೆಯಲ್ಲಿ ಸೆರಗು ಹೊದ್ದು ಮಲಗುತ್ತಿದ್ದವಳು ನನ್ನ ತಾಯಿ. ಕೆಲಸಕ್ಕೂ ಹೋಗಿ ಮನೆಯನ್ನೂ ನೋಡಿಕೊಳ್ಳುವ ಸೊಸೆಯಂದಿರ ತಲೆಗೆ ಆ ಹೊರೆಯನ್ನು ಮತ್ತೆ ಕಟ್ಟಬೇಡಿ. ಹಾಸಿಗೆ ಹಾಸುವ ಕೈ ಗಂಡಸಿಗೂ ಇದೆ.

ನೆಲದ ಮೇಲೆ ಮಲಗುವುದು ಅವಮಾನವೂ ಅಲ್ಲ. ನಮ್ಮ ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಬಾಳಿನ ಬಹುಭಾಗವನ್ನು ಹಾಸ್ಟೆಲಿನ ಕೋಣೆಯಲ್ಲಿಯೇ ಕಳೆದರು. ಸರಳತೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಜಿಪುಣತನದ ಬಗ್ಗೆ. ಆತಿಥ್ಯವೆಂದರೆ ನಮ್ಮದೊಂದನ್ನು ಬಿಟ್ಟುಕೊಡುವುದು: ಮಂಚವನ್ನೋ, ಕೋಣೆಯನ್ನೋ, ಒಂದು ರಾತ್ರಿಯ ಸುಖವನ್ನೋ. ಗಾಳಿಹಾಸಿಗೆ ಏನನ್ನೂ ಬಿಟ್ಟುಕೊಡದೆ ಆತಿಥ್ಯ ಮಾಡಿದೆವೆಂಬ ಸಮಾಧಾನವನ್ನು ಕೊಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಮನೆಯವರ ಖರ್ಚಿಗೆ. ನಾವು ಆ ಗಾದೆಯನ್ನು ನೆಂಟರ ಕಾಲಿಗೆ ಕಟ್ಟಿದ್ದೇವೆ.

ಆದ್ದರಿಂದ ಫ್ಲಾಟಿನಲ್ಲಿರುವವರಿಗೆ ನನ್ನ ಮಾತು ಇಷ್ಟೇ. ಹಿರಿಯರು ಬಂದರೆ ನಿಮ್ಮ ಮಂಚ ಕೊಡಿ, ನೀವು ನೆಲದಲ್ಲಿ ಮಲಗಿ. ನಿಮ್ಮ ಬೆನ್ನಿಗೆ ವಯಸ್ಸಿದೆ, ತಡೆಯುತ್ತದೆ. ಒಂದು ತೆಳು ಹತ್ತಿ ಹಾಸಿಗೆ ಮಂಚದಡಿ ಸುರುಳಿಯಾಗಿ ಕುಳಿತರೆ ಯಾರ ಜಾಗವನ್ನೂ ತಿನ್ನುವುದಿಲ್ಲ.

ನಾನು ಎರಡು ಹೊಸ ಹತ್ತಿ ಹಾಸಿಗೆ ಹೊಲಿಸಿದ್ದೇನೆ. ಅಕ್ಕ ಬಂದರೆ ನನ್ನ ಮಂಚ ಅವಳಿಗೆ, ಹೊಸ ಹಾಸಿಗೆ ನನಗೆ ಎಂದು ಫೋನಿನಲ್ಲಿ ಹೇಳಿದೆ. "ನೋಡೋಣ ಕಣೋ" ಎಂದಳು. ಅಷ್ಟು ಸುಲಭವಾಗಿ ಕ್ಷಮಿಸುವವಳಲ್ಲ, ಕಾಯುತ್ತೇನೆ.

ಈ ಕಡೆ ಬಂದರೆ ನೀವೂ ಸಂಜೆ ಗಾಡಿಗೆ ಅವಸರಪಡಬೇಡಿ. ಹಾಸಿಗೆಗಳು ಬಿಸಿಲಿನಲ್ಲಿವೆ.

ನಿಮ್ಮ ಮೇಷ್ಟ್ರು