ಕಂಪನಿ ಕಂಡೀಷನ್ ಅಂದ್ರ ಏನು? (ಹಳೇ 207 ಸರಣಿ)

1/7

ದೋಸ್ತರೇ, ನೇರ ಹೇಳಿಬಿಡ್ತೀನಿ. ನಮ್ಮ ಕಡೆ "ಹಳೇ ಗಾಡಿ ಹೊಸಾದು ಮಾಡಿಸೀನಿ" ಅನ್ನೋರಲ್ಲಿ ಮುಕ್ಕಾಲು ಮಂದಿ ಬಣ್ಣ ಹೊಡಿಸಿರ್ತಾರ, ಅಷ್ಟ. ಅಲಾಯ್ ವೀಲು, ಮುಂದ ಸ್ಟೀಲ್ ಪೈಪಿನ ಗಾರ್ಡು, ಕ್ಯಾಬಿನ್ ಮ್ಯಾಲೆ ಉದ್ದಕ್ಕ ಎಲ್‌ಇಡಿ, ಒಳಗ ನೀಲಿ ಲೈಟು, ಸೀಟಿನ ಹಿಂದ ಎರಡು ಸ್ಪೀಕರ್. ರೀಲ್ಸ್‌ನಾಗ ಮಸ್ತ್ ಕಾಣ್ತೈತಿ. ಬಗ್ಗಿ ಕೆಳಗ ನೋಡಿದ್ರ ಚಾಸಿಗೆ ಮೂರು ಕಡೆ ವೆಲ್ಡಿಂಗ್ ತ್ಯಾಪಿ.

ಫೋಟೋದಲ್ಲಿರೋದು ನಮ್ಮ ದೊಡ್ಡಪ್ಪನ ಟಾಟಾ 207, 1996ರ ಮಾಡೆಲ್. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೈವೇ ಮ್ಯಾಲೆ ಅವಲ್ಲ, ಈಗಿನ 150ಎ, ಆ ರೋಡಿನ ಒಂದೊಂದು ತಗ್ಗೂ ಈ ಗಾಡಿಗೆ ಗೊತ್ತು. ಭತ್ತ, ಜೋಳ, ಗೊಬ್ಬರ, ಜಾತ್ರೆಗೆ ಸ್ಟೀಲಿನ ಪಾತ್ರೆ, ಮದುವೆಗೆ ಪೆಂಡಾಲಿನ ಸಾಮಾನು, ಎಲ್ಲಾ ಹೊತ್ತೈತಿ. ಈಗ ಬೇವಿನ ಗಿಡದ ಬುಡಕ್ಕ ನಿಂತೈತಿ. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕ ಹೇಳಿ ಹೋಗ್ಯಾನ. ದೊಡ್ಡಪ್ಪ ಕೊಡೂಣು ಅಂತಾರ. ಅವರ ಮಗ, ನಮ್ಮಣ್ಣ, ಎಲ್‌ಇಡಿ ಹಾಕಿಸಿ ಮಾಡಿಫೈ ಮಾಡೂಣು ಅಂತಾನ. ನಾನು ಮೂರನೇ ಮಾತು ಹೇಳಾಕತ್ತೀನಿ: ಕಂಪನಿಯಿಂದ ಹೆಂಗ ಬಂದಿತ್ತೋ ಹಂಗ ಮಾಡೂಣು. ಯಾಕ ಅನ್ನೋದಕ್ಕ ಈ ಏಳು ಪೋಸ್ಟು.

2/7

ಮೊದಲು ಗಾಡಿ ಯಾವುದು ಅಂತ ಗೊತ್ತಿರಲಿ. ಟಾಟಾ ಮೋಟಾರ್ಸ್ ಅನ್ನೋ ಹೆಸರು 2003ರಿಂದ ಬಂದದ್ದು. ಅದಕ್ಕೂ ಮೊದಲು ಕಂಪನಿ ಹೆಸರು ಟೆಲ್ಕೊ. ಆ ಟೆಲ್ಕೊ 1986ರಲ್ಲಿ 407 ತಂದಿತು. 1988ರಲ್ಲಿ ಟಾಟಾ ಮೊಬೈಲ್ ಅನ್ನೋ ಪಿಕಪ್ ತಂದಿತು, 206 ಅಂತ. ನಮ್ಮ 207 ಅದೇ ಮನೆತನದ್ದು. ಆ ಪಿಕಪ್ಪಿನ ತಳಪಾಯದ ಮೇಲೆಯೇ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್, 1994ರಲ್ಲಿ ಸುಮೋ ಬಂದವು. ಅಂದರೆ ಇನ್‌ಸ್ಟಾದಲ್ಲಿ ನೀವು ಲೈಕ್ ಒತ್ತೋ ಹಳೇ ಸಿಯೆರಾ ನಮ್ಮ ಗೊಬ್ಬರದ ಗಾಡಿಯ ತಮ್ಮ. ಅಣ್ಣನನ್ನು ಯಾರೂ ಕೇಳೋದಿಲ್ಲ.

ಹಳೇ 207ಕ್ಕೆ 1948 ಸಿಸಿ ಡೀಸೆಲ್ ಇಂಜಿನ್. ಚಾವಿ ಅರ್ಧ ತಿರುಗಿಸಿ, ಹೀಟರ್ ದೀಪ ಆರೋತನಕ ಕಾದು ಸ್ಟಾರ್ಟ್ ಮಾಡಬೇಕು. ಆಮೇಲೆ ಬಂದ 207 ಡಿಐ ಬೇರೆ, ಅದಕ್ಕೆ 2956 ಸಿಸಿ ಇಂಜಿನ್. "ಡಿಐ ಇಂಜಿನ್ ತಂದು ಕೂಡ್ರಿಸ್ರಿ, ಎಳಿತೈತಿ" ಅಂತ ನಿಮಗೂ ಒಬ್ಬ ಮೇಸ್ತ್ರಿ ಹೇಳೇ ಹೇಳ್ತಾನ. ಎಳಿತೈತಿ, ಖರೆ. ಆದರೆ ಆರ್‌ಸಿಯಲ್ಲಿ ಬರೆದ ಸಿಸಿ ಬೇರೆ, ಇಂಜಿನ್ ನಂಬರ್ ಬೇರೆ, ಗೇರ್‌ಬಾಕ್ಸು ತಡಿಯೋ ಶಕ್ತಿ ಬೇರೆ. ಒಂದು ಬದಲಿಸಿದರೆ ಅದರ ಬೆನ್ನಿಗೆ ಹತ್ತು ಬದಲಿಸಬೇಕು. ಆ ಹತ್ತರಲ್ಲಿ ಎಂಟನ್ನು ಯಾರೂ ಮಾಡಿಸೋದಿಲ್ಲ. ಹಿಂಗಾಗಿ ಗಾಡಿಗೆ ಗಾಡಿಯೇ ಹಾಳು.

3/7

ಈಗ ಕಾನೂನು. ಬೋರು ಅನ್ನಬ್ಯಾಡ್ರಿ, ಇದರಲ್ಲೇ ಮಂದಿ ಸಿಗಬೀಳೋದು.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಹೇಳೋದಿಷ್ಟು: ತಯಾರಕರು ಕೊಟ್ಟ ವಿವರ ಆರ್‌ಸಿಯಲ್ಲಿ ಏನಿದೆಯೋ ಅದಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಇಂಜಿನ್ ಬದಲಿಸಲೇಬೇಕಾದರೆ ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ಎಂಟ್ರಿ ಬೇಕು. ಹಳೇ ಮಾಲು ಗಾಡಿಗೆ ವರ್ಷ ವರ್ಷ ಎಫ್‌ಸಿ ಬೇರೆ. 15 ವರ್ಷ ದಾಟಿದ ಗಾಡಿಗೆ ಎಫ್‌ಸಿ ಫೀಸನ್ನು 2022ರ ಏಪ್ರಿಲ್‌ನಿಂದ ಜೋರಾಗಿಯೇ ಏರಿಸ್ಯಾರ. ಅಷ್ಟು ಫೀಸು ಕಟ್ಟಿ, ಎಲ್‌ಇಡಿ ಪಟ್ಟಿಗಾಗಿ ಫೇಲಾಗಿ ವಾಪಸ್ ಬರೋದು ಯಾವ ಶಾಣ್ಯಾತನ?

"ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಲೇ" ಅಂತ ಒಬ್ಬ ಗೆಳೆಯ ಮೆಸೇಜ್ ಹಾಕಿದ್ದ. ಆಗಂಗಿಲ್ಲ ದೋಸ್ತ. 2021ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಸ್ವಂತಕ್ಕೆ ಇಟ್ಟಿರಬೇಕು, ಬಾಡಿಗೆ ಹೊಡಿಯಂಗಿಲ್ಲ, ದಿನಾ ರೋಡಿಗೂ ಇಳಿಸಂಗಿಲ್ಲ. ಮೊದಲ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ. 1988ರ ಮೊದಲ ಟಾಟಾ ಮೊಬೈಲಿಗೇ 50 ತುಂಬೋದು 2038ಕ್ಕೆ. ಅಲ್ಲೀತನ ಗುಜರಿಯವನು ಬಿಟ್ಟರೆ ನೋಡೂಣು.

ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಚಾಸಿ ನಂಬರ್. ತುಕ್ಕು ತೆಗೀತೀನಿ ಅಂತ ಗ್ರೈಂಡರ್ ಹಿಡಿದವನು ಪಂಚ್ ಮಾಡಿದ ನಂಬರಿನ ಮ್ಯಾಲೂ ಓಡಿಸಿಬಿಟ್ಟರೆ ಮುಗೀತು. ಎಷ್ಟು ಲಕ್ಷ ಹಾಕಿದರೂ ಅದು ಹೆಸರಿಲ್ಲದ ಕಬ್ಬಿಣ. ನಮ್ಮ ಮಸ್ಕಿಯದೇ ಉದಾಹರಣೆ ತಗೋರಿ. ಸ್ಕೂಲಿನಲ್ಲಿ ಎಲ್ಲರೂ ಓದೀವಿ. ದೇಶದ ತುಂಬ "ದೇವಾನಾಂಪ್ರಿಯ", "ಪ್ರಿಯದರ್ಶಿ" ಅಂತ ಶಾಸನ ಸಿಕ್ಕಿದ್ದವು. ಆ ರಾಜ ಅಶೋಕನೇ ಅಂತ ಖಾತ್ರಿಯಾದದ್ದು 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಮಸ್ಕಿ ಬಂಡೆಯ ಶಾಸನ ಕಂಡಮೇಲೆ, ಅದರಲ್ಲಿ ಹೆಸರೇ ಇತ್ತು. ಎರಡು ಸಾವಿರ ವರ್ಷದಲ್ಲಿ ಯಾರಾದರೂ ಪುಣ್ಯಾತ್ಮ "ಬಂಡಿ ಒರಟೈತಿ, ನುಣುಪು ಮಾಡೂಣು" ಅಂದಿದ್ದರೆ? ಶಾಸನದವರು ಕಾಗದ ಒತ್ತಿ ಅಚ್ಚು ತಗೋತಾರ. ನೀವೂ ಗಾಡಿ ಗ್ಯಾರೇಜಿಗೆ ಬಿಡೋಕಿಂತ ಮೊದಲು ಚಾಸಿ ನಂಬರಿನ ಮ್ಯಾಲೆ ಪೇಪರ್ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೋರಿ, ಫೋಟೋನೂ ಹೊಡಕೋರಿ. ಆಮೇಲೆ ಆ ಜಾಗಕ್ಕೆ ಗ್ರೀಸ್ ಬಳಿದು ಟೇಪ್ ಸುತ್ತಿ, "ಇಲ್ಲಿ ಮುಟ್ಟಬ್ಯಾಡ" ಅಂತ ಬರೀರಿ.

4/7

ಈ ಪೋಸ್ಟ್ ಉದ್ದ ಐತಿ. ಆದರೂ ಓದ್ರಿ, ನನ್ನ ವಾದ ಪೂರಾ ಇದರ ಮ್ಯಾಲೇ ನಿಂತೈತಿ.

ನಮ್ಮ ಗಾಡಿಯ ಹಿಂದಿನ ಪಾಟಾ ಎಣಿಸಿ ನೋಡಿದೆ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿಗೆ ಅವ. ಊರಲ್ಲಿ ಯಾವ ಹಳೇ ಪಿಕಪ್ ನೋಡಿದರೂ ಇದೇ ಕತೆ. ಯಾಕಂದ್ರ ನಮ್ಮ ಕಡೆ ಭತ್ತದ ಚೀಲ 75 ಕೆಜಿ. 30 ಚೀಲ ಹಾಕಿದರೆ 2,250 ಕೆಜಿ ಆಯ್ತು. ಈ ಗಾಡಿ ಕಟ್ಟಿದ್ದು ಒಂದು ಟನ್ ಆಸುಪಾಸಿನ ಹೊರೆಗೆ. ಪಾಟಾ ಸೇರಿಸಿದರೆ ಗಾಡಿ ಕುಸಿಯೋದಿಲ್ಲ, ನೆಟ್ಟಗ ನಿಂತು ಕಾಣ್ತೈತಿ. ಅಲ್ಲೇ ಮೋಸ. ಬ್ರೇಕು ಅಷ್ಟೇ ಐತಿ, ಡ್ರಮ್ಮು ಅಷ್ಟೇ ಐತಿ, ಆಕ್ಸಲ್ ಅಷ್ಟೇ ಐತಿ. ಕುಸಿದು ಎಚ್ಚರಿಸುತ್ತಿದ್ದ ಗಾಡಿಯ ಬಾಯಿ ಮುಚ್ಚಿಸಿದಂಗ ಆಯ್ತು. ಮೊದಲು ಭಾರ ಪಾಟಾ ತಿಂತಿತ್ತು, ಈಗ ಚಾಸಿ ತಿಂತೈತಿ. ಪಾಟಾ ಕೂಡ್ರೋ ಬ್ರಾಕೆಟ್ ಹತ್ತಿರ ಕೂದಲಿನಂಥ ಬಿರುಕು ಶುರುವಾಗೋದು ಹಿಂಗ. ಗೊಬ್ಬರದ ಚೀಲ ಒಡೆದು ಸೋರಿದ ಯೂರಿಯಾ, ಗದ್ದೆಯಿಂದ ಮೆತ್ತಿಕೊಂಡ ಎರಿ ಮಣ್ಣು ಎರಡೂ ಅಲ್ಲೇ ಕೂಡ್ರತಾವ, ಹಸಿ ಆರಂಗಿಲ್ಲ. ಮ್ಯಾಲೆ ಪುಟ್ಟಿ ಹಚ್ಚಿ ಬಣ್ಣ ಹೊಡೆದರೆ ಒಳಗ ತುಕ್ಕು ಆರಾಮಾಗಿ ಬೆಳಿತೈತಿ.

ಈಗ ಇದೇ ಗಾಡಿಯಲ್ಲಿ ಮಂದಿ ಕೂಡ್ರತಾರ. ನಾಟಿ ಸೀಜನ್, ಹತ್ತಿ ಬಿಡಿಸೋ ಸೀಜನ್, ಮೆಣಸಿನಕಾಯಿ ಸೀಜನ್. ಬೆಳಿಗ್ಗೆ ಆರಕ್ಕೆ ನೀವು ಕಾಲೇಜ್ ಬಸ್ಸಿಗೆ ನಿಂತಾಗ ಎದುರಿಗೇ ಹೋಗ್ತಾವ ಪಿಕಪ್ಪು, ಹಿಂದೆ ಬುತ್ತಿಗಂಟು ಹಿಡಕೊಂಡು ನಿಂತ ಅವ್ವಂದಿರು, ಅಕ್ಕಂದಿರು. ನಿಮ್ಮ ಮನೆಯವರೂ ಇರಬಹುದು, ನಮ್ಮ ಮನೆಯವರಂತೂ ಅದಾರ. ಮಾಲು ಗಾಡಿಯಲ್ಲಿ ಹಂಗೇ ಹತ್ತಿಸಿಕೊಂಡ ಮಂದಿಗೆ ಏನಾದರೂ ಆದರೆ ವಿಮಾ ಕಂಪನಿ ಹೊಣೆಯಲ್ಲ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ ಹೇಳೈತಿ. ಅಷ್ಟು ಜೀವ ಆ ಹಳೇ ಡ್ರಮ್ಮಿನ ಮ್ಯಾಲೆ, ಆ ಬಿರುಕಿನ ಮ್ಯಾಲೆ.

ಅದಕ್ಕೆ ನನಗೆ ಕಂಪನಿ ಕಂಡೀಷನ್ ಅಂದರೆ ಮೊದಲು ಪಾಟಾ. ಹೆಚ್ಚುವರಿ ಎಲೆ ತೆಗೀರಿ. ಬ್ರೇಕ್ ಪೂರಾ ಬಿಚ್ಚಿ ಸಿಲಿಂಡರು, ಲೈನರು, ಪೈಪು ಹೊಸವು ಹಾಕಿಸ್ರಿ. ಚಾಸಿ ಬರಿದು ಮಾಡಿ ಬಿರುಕು ಹುಡುಕ್ರಿ. ಹಂಗ ಮಾಡಿದರೆ ಹದಿಮೂರು ಹದಿನಾಲ್ಕು ಚೀಲಕ್ಕೆ ಗಾಡಿ ಕುಸಿದು ನಿಲ್ಲತೈತಿ. ನಿಲ್ಲಲಿ. ಅಷ್ಟೇ ಅದರ ಲೆಕ್ಕ.

ನಮ್ಮಣ್ಣ ಇದನ್ನು ಕೇಳಿ ನಕ್ಕ. "ಹಂಗಾದ್ರ ಬಾಡಿಗೆ ಯಾರು ಕೊಡ್ತಾರ?" ಅಂದ. ಅವನ ಪ್ರಶ್ನೆ ಸುಳ್ಳಲ್ಲ, ಏಳನೇ ಪೋಸ್ಟಿಗೆ ಬರ್ತೀನಿ.

5/7

ಬಣ್ಣದ ವಿಷಯ. "ಒರಿಜಿನಲ್ ಕಲರ್ ಯಾವುದು ಅಂತ ಗೊತ್ತಿಲ್ಲ, ಮೂರು ಸಲ ಬಣ್ಣ ಹೊಡಿಸೀವಿ" ಅಂದರೆ, ಬಾಗಿಲಿನ ರಬ್ಬರ್ ಕಿತ್ತು ಅದರ ಅಡಿಗೆ ನೋಡ್ರಿ. ಡ್ಯಾಶ್‌ಬೋರ್ಡ್ ಹಿಂದ, ಸೀಟಿನ ಕೆಳಗ, ಟೇಲ್ ಲೈಟ್ ಬಿಚ್ಚಿದ ಜಾಗದಲ್ಲಿ ನೋಡ್ರಿ. ಬಿಸಿಲು ಬೀಳದ ಕಡೆ ಮೊದಲ ಬಣ್ಣ ಹಂಗೇ ಇರ್ತೈತಿ. ಆ ತುಂಡು ತೋರಿಸಿದರೆ ಪೇಂಟ್ ಅಂಗಡಿಯವರು ಹೊಂದಿಸಿ ಕೊಡ್ತಾರ. ನಮ್ಮದು ಬಿಳಿ ಅಂತ ತಿಳಿದಿದ್ದೆ. ರಬ್ಬರ್ ಅಡಿಗೆ ಸಿಕ್ಕಿದ್ದು ತೆಳು ಹಳದಿ ಕಲಿಸಿದ ಬಿಳಿ, ಹಾಲಿನ ಕೆನೆ ಬಣ್ಣ. (ಎರಡನೇ ಫೋಟೋ ಝೂಮ್ ಮಾಡ್ರಿ.)

ಇಲ್ಲಿ ಒಂದು ತಕರಾರು ಐತಿ, ನನ್ನೊಳಗೇ. ಹಿಂದಿನ ಬಾಗಿಲಿನ ಮ್ಯಾಲೆ "ಶ್ರೀ ಅಮರೇಶ್ವರ ಪ್ರಸನ್ನ" ಅಂತ ಬರೆಸೈತಿ. ಗುರುಗುಂಟಾ ಅಮರೇಶ್ವರನಿಗೆ ದೊಡ್ಡಪ್ಪ ನಡ್ಕೊತಾರ. ಕೆಂಪು ಅಕ್ಷರ, ಹಳದಿ ನೆರಳು, ಎರಡೂ ಬದಿ ಒಂದೊಂದು ನವಿಲು. ಕೈಯಿಂದ ಬರೆದದ್ದು. ಇದು ಫ್ಯಾಕ್ಟರಿಯಿಂದ ಬಂದದ್ದಲ್ಲ. ಕಟ್ಟುನಿಟ್ಟು ರಿಸ್ಟೋರೇಷನ್ ಮಾಡೋರು ಅಳಿಸು ಅಂತಾರ.

ನಾನು ಅಳಿಸಂಗಿಲ್ಲ. ಫ್ಲೆಕ್ಸು, ಸ್ಟಿಕ್ಕರು ಬಂದಮೇಲೆ ಹಂಗ ಬರೆಯೋ ಪೇಂಟರ್‌ಗಳು ನಮ್ಮೂರಲ್ಲಿ ಬ್ರಷ್ ಕೆಳಗಿಟ್ಟಾರ. ಅಳಿಸಿದರೆ ಮತ್ತೆ ಬರೆಯೋ ಕೈ ಇಲ್ಲ. ಬ್ರೇಕಿಗೆ ಫ್ಯಾಕ್ಟರಿ ಮಾತೇ ಕೊನೆ, ಹಿಂದಿನ ಬಾಗಿಲಿಗೆ ದೊಡ್ಡಪ್ಪನ ಮಾತು ಕೊನೆ. ಇದು ತರ್ಕಕ್ಕೆ ಹೊಂದಂಗಿಲ್ಲ ಅಂತ ಕಾಮೆಂಟ್ ಬರ್ತಾವ, ಬರಲಿ. ಆ ಬಾಗಿಲಿಗೆ ಬಣ್ಣ ಇಲ್ಲ, ತುಕ್ಕು ನಿಲ್ಲಿಸಿ ಮ್ಯಾಲೆ ಕ್ಲಿಯರ್ ಕೋಟ್ ಅಷ್ಟೇ.

6/7

ಸಾಮಾನು ಎಲ್ಲಿ ಸಿಗ್ತೈತಿ? ಇದನ್ನೇ ಎಲ್ಲರೂ ಕೇಳ್ತೀರಿ, ಚುಟುಕಾಗಿ ಹೇಳ್ತೀನಿ. ಇಂಜಿನ್ ಸಾಮಾನಿಗೆ ತೊಂದರೆ ಕಡಿಮೆ, ಯಾಕಂದ್ರ ಹಳೇ ಸುಮೋಕ್ಕೂ ಇದೇ 1948 ಸಿಸಿ ಇಂಜಿನ್, ಸುಮೋ ಎಷ್ಟು ಓಡ್ಯಾವ ನಿಮಗೇ ಗೊತ್ತು. ಪಿಸ್ಟನ್, ರಿಂಗು, ಹೀಟರ್ ಪ್ಲಗ್ಗು ಕೇಳುವಾಗ "207" ಅನ್ನೋದರ ಜೊತೆ "ಹಳೇ ಸುಮೋ" ಅಂತಲೂ ಕೇಳ್ರಿ. ಇಲ್ಲಿ ಸಿಗದಿದ್ದರೆ ಬೆಂಗಳೂರು ಜೆ.ಸಿ. ರೋಡ್. ಕಷ್ಟ ಇರೋದು ಸಣ್ಣ ಸಣ್ಣ ಸಾಮಾನಿಗೆ: ಬಾಗಿಲ ಹಿಡಿಕೆ, ಗ್ರಿಲ್ಲು, ಮೀಟರ್ ಬೋರ್ಡಿನ ಗಾಜು, ಕಿಟಕಿ ತಿರುಗಿಸೋ ಹ್ಯಾಂಡಲು. ಅವಕ್ಕೆ ಗುಜರಿಯೇ ಗತಿ. ಹಂಗಾಗಿ ಗುಜರಿಯವನ ಜೊತೆ ಜಗಳ ಬ್ಯಾಡ, ದೋಸ್ತಿ ಮಾಡ್ರಿ. ಚಹಾ ಕುಡಿಸ್ರಿ. "207 ಬಂದ್ರ ಕಟ್ ಮಾಡೋಕಿಂತ ಮೊದಲು ಫೋನ್ ಮಾಡಣ್ಣ" ಅಂತ ಹೇಳಿ ಬರ್ರಿ.

ಡಬ್ಬಿ ಮ್ಯಾಲೆ ಕಂಪನಿ ಹೆಸರಿದ್ದ ಮಾತ್ರಕ್ಕೆ ಒರಿಜಿನಲ್ ಅಲ್ಲ. ಬ್ರೇಕ್ ಸಾಮಾನಿನಲ್ಲಂತೂ ಬಿಲ್ ಇಲ್ಲದೇ ಕೊಳ್ಳಬ್ಯಾಡ್ರಿ.

ವೈರಿಂಗ್ ಬಗ್ಗೆ ಒಂದೇ ಮಾತು: ಮೂವತ್ತು ವರ್ಷದಲ್ಲಿ ಹತ್ತು ಎಲೆಕ್ಟ್ರಿಷಿಯನ್‌ಗಳು ಸೇರಿಸಿದ ಎಲ್ಲಾ ವೈರು ಕಿತ್ತು ಒಗೀರಿ. ಹಾರನ್ನು ಒಂದೇ ಸಾಕು.

7/7

ಅಣ್ಣನ ಪ್ರಶ್ನೆಗೆ ಬಂದೆ. ಬಾಡಿಗೆ ಹೊಡೆದು ಹೊಟ್ಟೆ ತುಂಬಿಸಿಕೊಳ್ಳಬೇಕು ಅಂದರೆ ಹಳೇ ಗಾಡಿ ಬ್ಯಾಡ, ಹೊಸ ಪಿಕಪ್ ತಗೋರಿ. ಇದನ್ನು ನಾನೇ ಹೇಳ್ತೀನಿ. ಹಳೇ ಗಾಡಿ ಮ್ಯಾಲಿನ ಪ್ರೀತಿಗೆ ಬಡ್ಡಿ ಸಾಲ ತಗೊಂಡರೆ ಪ್ರೀತಿ ಮೊದಲು ಸಾಯ್ತೈತಿ. ಚಾಸಿ ಎರಡು ಕಡೆ ಬಿರುಕು ಬಿಟ್ಟು ಬಾಗಿದ್ದರೂ ಬಿಟ್ಟುಬಿಡ್ರಿ, ಒಳ್ಳೆ ಸಾಮಾನು ಬಿಚ್ಚಿ ಇನ್ನೊಂದು ಗಾಡಿಗೆ ಕೊಡ್ರಿ. ಆದರೆ ಗಾಡಿ ಮನೆಯಲ್ಲೇ ಐತಿ, ಚಾಸಿ ಗಟ್ಟಿ ಐತಿ, ಪೇಪರ್ ಸರಿ ಐತಿ, ಅವಸರ ಇಲ್ಲ ಅಂದರೆ ಗುಜರಿಗೆ ತೂಕಕ್ಕೆ ಯಾಕ ಕೊಡಬೇಕು? ಹೊಲಕ್ಕೆ ಬೀಜ ಒಯ್ಯಲಿಕ್ಕೆ, ಮನೆ ಜೋಳ ಗಿರಣಿಗೆ ಹಾಕಲಿಕ್ಕೆ ಒಂದು ಟನ್ ಹೊರೋ ಗಾಡಿ ಬೇಕಾದಷ್ಟಾಯ್ತು.

ಧರ್ಮಸ್ಥಳದಲ್ಲಿ ಹಳೇ ಕಾರುಗಳ ದೊಡ್ಡ ಸಂಗ್ರಹ ಐತಿ, ಟೂರ್ ಹೋದಾಗ ನೀವೂ ನೋಡಿರ್ತೀರಿ. ಚೆಂದ ಇಟ್ಟಾರ. ಅಲ್ಲಿ ಹೊಳೆಯೋದು ದೊಡ್ಡ ಮನೆತನದವರು ಕೂತು ಓಡಾಡಿದ ಕಾರು. ತುಂಗಭದ್ರಾ ಕಾಲುವೆ ನೀರಿನ ಭತ್ತ ಹೊತ್ತ ಗಾಡಿ ಇಡೋ ಮ್ಯೂಸಿಯಂ ನಾನಂತೂ ಕಂಡಿಲ್ಲ. ಅದು ನಮ್ಮ ಅಂಗಳದಲ್ಲೇ ಉಳಿಬೇಕು.

ದೊಡ್ಡಪ್ಪ ಇನ್ನೂ ಹೂಂ ಅಂದಿಲ್ಲ. ಸುಗ್ಗಿ ಮುಗಿಯೋತನಕ ಗುಜರಿಯವನಿಗೆ ಕೊಡಂಗಿಲ್ಲ ಅಂದಾರ, ಅಷ್ಟ. ಚಾಸಿ ತೊಳೆದು ನೋಡೀನಿ, ಎಡಗಡೆ ಬ್ರಾಕೆಟ್ ಹತ್ತಿರ ಒಂದು ಗೆರೆ ಕಾಣಾಕತ್ತೈತಿ. ಬಿರುಕೋ, ಬರೇ ಬಣ್ಣದ ಗೆರೆಯೋ, ಮೇಸ್ತ್ರಿ ನೋಡಿ ಹೇಳಬೇಕು.

ಲಿಂಗಸುಗೂರು, ಹಟ್ಟಿ, ಮುದಗಲ್ ಕಡೆಯ ಗೆಳೆಯರಿಗೆ: ಹಳೇ 207ರ ಎಡಗಡೆ ಬಾಗಿಲ ಹಿಡಿಕೆ, ಒರಿಜಿನಲ್, ಎಲ್ಲಾದರೂ ಕಂಡರೆ ಡಿಎಂ ಮಾಡ್ರಿ. ಮುರಿದಿದ್ದರೂ ನಡಿತೈತಿ.

#ಹಳೇ207 #ಕಂಪನಿಕಂಡೀಷನ್ #ಸಿಂಧನೂರು #ಮಸ್ಕಿ #ಲಿಂಗಸುಗೂರು