ಮಾಲ್ದೀವ್ಸಿನ ಪೊಲೀಸರಿಗೆ ನಾವು ಕಲಿಸುವುದೇನು?

ಮಾಲ್ದೀವ್ಸ್ ಸ್ವಾತಂತ್ರ್ಯದ 60ನೇ ವರ್ಷಾಚರಣೆಗೆ 2025ರ ಜುಲೈಯಲ್ಲಿ ನಮ್ಮ ಪ್ರಧಾನಿಯೇ ಅತಿಥಿ. ಸ್ವಾಗತಿಸಿದವರು ಅಧ್ಯಕ್ಷ ಮುಹಮ್ಮದ್ ಮುಇಝ್ಝು. ಭಾರತೀಯ ಸೈನಿಕರನ್ನು ಹೊರಗೆ ಕಳುಹಿಸುವುದಾಗಿ ಸಾರಿ 2023ರಲ್ಲಿ ಗೆದ್ದವರು ಮತ್ತು 2024ರ ಮೇಯೊಳಗೆ ಕಳುಹಿಸಿಯೂ ಇದ್ದವರು. ಆಗ 'ಮುಸ್ಲಿಮ್ ರಾಷ್ಟ್ರದ ಕೃತಘ್ನತೆ' ಎಂದು ನಮ್ಮ ಟಿ.ವಿ. ವಾಹಿನಿಗಳು ಅಬ್ಬರಿಸಿದ್ದವು. ರಾಜಕೀಯದ ಈ ಏರಿಳಿತಗಳ ನಡುವೆಯೂ ಅಲುಗದೆ ಉಳಿದ ನಂಟೊಂದಿದೆ. ಅದು ಪೊಲೀಸರದ್ದು.

ಆ ದೇಶದ ದಕ್ಷಿಣದ ತುದಿಯಲ್ಲಿರುವ ಅದ್ದುವಿನಲ್ಲಿ ಭಾರತದ ಅನುದಾನದಿಂದ ಕಟ್ಟಿದ ರಾಷ್ಟ್ರೀಯ ಪೊಲೀಸ್ ಕಾಲೇಜು 2022ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು. ಹೈದರಾಬಾದಿನ ಸರ್ದಾರ್ ಪಟೇಲ್ ಪೊಲೀಸ್ ಅಕಾಡೆಮಿಯೊಂದಿಗೆ ಅದಕ್ಕೆ ಒಪ್ಪಂದವಿದೆ. ಅದೇ ವರ್ಷ 61 ದ್ವೀಪಗಳಲ್ಲಿ ಪೊಲೀಸ್ ಕಟ್ಟಡಗಳ ನಿರ್ಮಾಣಕ್ಕೂ ಭಾರತ ನೆರವು ಪ್ರಕಟಿಸಿತು. ಸುಮಾರು 5 ಲಕ್ಷ ಜನರು ಸಮುದ್ರದ ನಡುವೆ ಚದುರಿ ಬದುಕುವ ನಾಡಿಗೆ ಇದು ಸಣ್ಣ ಸಹಾಯವೇನಲ್ಲ. ಮಾದಕ ದ್ರವ್ಯ, ಉಗ್ರವಾದ ಎರಡೂ ಅಲ್ಲಿ ಬೇರುಬಿಟ್ಟಿವೆ. ಧರ್ಮನಿಂದೆಯ ಆರೋಪ ಹೊರಿಸಿ 2017ರಲ್ಲಿ ಯುವ ಬರಹಗಾರ ಯಾಮೀನ್ ರಶೀದರನ್ನು ಇರಿದು ಕೊಂದವರು ಹೊರಗಿನಿಂದ ಬಂದವರಲ್ಲ. ಆದ್ದರಿಂದ ಸಹಕಾರವನ್ನು ನಾವು ಆಕ್ಷೇಪಿಸುವುದಿಲ್ಲ. ಗುರುವಿನ ಕೈಯಲ್ಲಿರುವ ಪಾಠ ಯಾವುದು ಎಂಬುದಷ್ಟೇ ನಮ್ಮ ಪ್ರಶ್ನೆ.

2003ರ ಸೆಪ್ಟೆಂಬರ್‌ನಲ್ಲಿ ಮಾಫುಶಿ ಸೆರೆಮನೆಯಲ್ಲಿ ಹತ್ತೊಂಬತ್ತರ ಹರೆಯದ ಹಸನ್ ಇವಾನ್ ನಸೀಮ್ ಎಂಬ ಕೈದಿಯನ್ನು ಕಾವಲಿನವರೇ ಹೊಡೆದು ಕೊಂದರು. ಪ್ರತಿಭಟಿಸಿದ ಕೈದಿಗಳ ಮೇಲೆ ಗುಂಡು ಹಾರಿತು. ಮಗನ ಜಜ್ಜಿದ ದೇಹವನ್ನು ತಾಯಿ ಜನರೆದುರು ತೆರೆದಿಟ್ಟರು. ರಾಜಧಾನಿ ಮಾಲೆ ಹೊತ್ತಿ ಉರಿಯಿತು. ಕೊಂದವನೂ ಸತ್ತವನೂ ಮುಸ್ಲಿಮನೇ. ಆಗ ಆಳುತ್ತಿದ್ದ ಮಾಮೂನ್ ಅಬ್ದುಲ್ ಗಯೂಮ್ ಅಲ್ ಅಝ್‌ಹರ್‌ನಲ್ಲಿ ಕಲಿತವರು. (ಪದವಿಯ ಪೇಟ ಸುತ್ತಿದ ಮಾತ್ರಕ್ಕೆ ನ್ಯಾಯ ಬಂದುಬಿಡುವುದಿಲ್ಲವೆಂದು ಮದ್ರಸಾದಿಂದ ಬಂದ ನಾವು ಹೇಳಿದರೆ ಹಿರಿಯರು ಮನ್ನಿಸಬೇಕು.) ಆದರೆ ಆ ಸಾವು ವ್ಯರ್ಥವಾಗಲಿಲ್ಲ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಮಾಲ್ದೀವ್ಸ್ 2004ರಲ್ಲಿ ಒಪ್ಪಿಕೊಂಡಿತು, ಅದೇ ವರ್ಷ ಪೊಲೀಸರನ್ನು ಸೇನೆಯಿಂದ ಬೇರ್ಪಡಿಸಿತು, 2013ರಲ್ಲಿ ಚಿತ್ರಹಿಂಸೆ ನಿಷೇಧ ಕಾನೂನನ್ನೇ ತಂದಿತು. ಕಾನೂನು ಬಂದೊಡನೆ ಲಾಠಿ ಮೆತ್ತಗಾಯಿತೆಂದು ನಾವು ಹೇಳುತ್ತಿಲ್ಲ. ಕಾನೂನಾದರೂ ಇದೆ.

ಗುರುವಿನ ಸ್ಥಿತಿ ಹೇಗಿದೆ? ಅದೇ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು; ಅನುಮೋದನೆ ಇಂದಿಗೂ ಆಗಿಲ್ಲ. ಚಿತ್ರಹಿಂಸೆಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಬಂಧನದ ಪತ್ರ ಬರೆಯಬೇಕು, ಬಂಧುಗಳಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಆದೇಶಿಸಿತು. ಪೊಲೀಸ್ ಸುಧಾರಣೆಗೆ 2006ರಲ್ಲಿ ಏಳು ನಿರ್ದೇಶನಗಳನ್ನು ಕೊಟ್ಟಿತು. ಠಾಣೆಗಳಲ್ಲಿ ಕ್ಯಾಮರಾ ಇರಬೇಕೆಂದು 2020ರಲ್ಲಿ ಹೇಳಿತು. ನ್ಯಾಯಾಲಯ ಇಷ್ಟು ಸಲ ಹೇಳಬೇಕಾಯಿತೆಂಬುದೇ ನಮ್ಮ ಠಾಣೆಗಳ ವರದಿ.

ಇದು ದೂರದ ಮಾತಲ್ಲ. ಉಗ್ರರೆಂಬ ಆರೋಪದ ಮೇಲೆ 2008ರಲ್ಲಿ ಬಂಧಿತರಾದ 17 ಮಂದಿಯನ್ನು ಹುಬ್ಬಳ್ಳಿಯ ನ್ಯಾಯಾಲಯ 2015ರಲ್ಲಿ ಖುಲಾಸೆಗೊಳಿಸಿತು. ಏಳು ವರ್ಷ! ಬಂಧನದ ದಿನ ಪತ್ರಿಕೆಗಳ ಮುಖಪುಟದಲ್ಲಿ ಅಚ್ಚಾದ ಸುದ್ದಿ ಕಲಘಟಗಿ, ತಂಬೂರದ ಮನೆಮನೆಗೂ ತಲುಪಿತ್ತು. ಖುಲಾಸೆಯ ಸುದ್ದಿ ಎಷ್ಟು ಮನೆಗೆ ತಲುಪಿತು? ಕಿತ್ತುಹೋದ ಏಳು ವರ್ಷಗಳಿಗೆ ಲೆಕ್ಕ ಕೊಡುವವರು ಯಾರು?

ನಮ್ಮ ತಪ್ಪೂ ಇದೆ. ಅಂತಹ ಯುವಕರ ಮನೆಗೆ ಹೋಗಲು ಹೆದರಿದವರು ನಾವೇ, ಸಂಬಂಧ ಬೆಳೆಸಲು ಹಿಂಜರಿದವರೂ ನಾವೇ. 2012ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಪೊಲೀಸ್ ದೂರು ಪ್ರಾಧಿಕಾರಕ್ಕೆ ಅವಕಾಶವಾಗಿದೆ. ಅದಕ್ಕೊಂದು ಅರ್ಜಿ ಬರೆದುಕೊಡಲು ನಮ್ಮ ಎಷ್ಟು ಜಮಾಅತ್‌ಗಳಿಗೆ ಗೊತ್ತು? ಜುಮಾದ ಬಳಿಕ ಹತ್ತು ನಿಮಿಷ ಒಬ್ಬ ವಕೀಲರನ್ನು ಕರೆಸಿ ಡಿ.ಕೆ. ಬಸು ನಿಯಮಗಳನ್ನು ಓದಿ ಹೇಳಿಸಿದರೆ ಯಾವ ಸರಕಾರವೂ ಅಡ್ಡಿ ಮಾಡುವುದಿಲ್ಲ.

ಕೇಂದ್ರ ಸರಕಾರ ಒಡಂಬಡಿಕೆಯನ್ನು ಅನುಮೋದಿಸಲಿ. ನಮ್ಮ ಸಂಸದರು ಅದನ್ನು ಸದನದಲ್ಲಿ ಕೇಳಲಿ. ಅದ್ದುವಿನ ಕಾಲೇಜಿನಲ್ಲಿ ಇವಾನ್ ನಸೀಮನ ಪ್ರಕರಣ ಪಾಠವಾಗಲಿ, ಹೈದರಾಬಾದಿನಲ್ಲಿ ಹುಬ್ಬಳ್ಳಿಯ ತೀರ್ಪು ಪಾಠವಾಗಲಿ.